ಸರ್ಕಾರಿ ಅಭಿಯೋಜಕರ ಕೊರತೆ: ಹಣ ಕೊಡಬೇಕಾದವರು ಯಾರು?

ಕೋರ್ಟಿನ ಸಮನ್ಸ್ ಕೈಗೆ ಬಂದಾಗ ನಮ್ಮ ಜನರು ಧರ್ಮಕೇಂದ್ರದ ಕಚೇರಿಗೆ ಬಂದು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ: “ಫಾದರ್, ನಾವು ವಕೀಲರನ್ನು ಇಡಬೇಕೇ?” ಪೊಲೀಸರು ಎಫ್‌ಐಆರ್ ದಾಖಲಿಸಿ ದೋಷಾರೋಪ ಪಟ್ಟಿ ಸಲ್ಲಿಸಿದ ಪ್ರಕರಣವಾದರೆ ಅದು ಕಡ್ಡಾಯವಲ್ಲ. ಅಲ್ಲಿ ವಾದಿಸುವುದು ಸರ್ಕಾರ. ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕರು (ಎಪಿಪಿ), ಸೆಷನ್ಸ್ ನ್ಯಾಯಾಲಯದಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ಈ ಕೆಲಸ ಮಾಡುತ್ತಾರೆ. ಚೆಕ್ ಬೌನ್ಸ್‌ನಂತಹ ಖಾಸಗಿ ದೂರುಗಳ ಮಾತು ಬೇರೆ.

ಹಿಂದೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ಪೊಲೀಸ್ ಅಧಿಕಾರಿಗಳೇ ಪ್ರಕರಣ ನಡೆಸುವ ಪದ್ಧತಿ ವ್ಯಾಪಕವಾಗಿತ್ತು. ತನಿಖೆ ಮಾಡಿದವರೇ ವಾದಿಸುವುದು ಸರಿಯಲ್ಲವೆಂದು 1973ರ ದಂಡ ಪ್ರಕ್ರಿಯಾ ಸಂಹಿತೆ ಇವೆರಡನ್ನೂ ಬೇರ್ಪಡಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಇದನ್ನೇ ಮುಂದುವರಿಸಿದೆ.

ಆದರೆ ಹುದ್ದೆ ಖಾಲಿ ಇದ್ದರೆ? ಒಬ್ಬ ಎಪಿಪಿಗೆ ಎರಡು ನ್ಯಾಯಾಲಯಗಳ ಹೊಣೆ ಬೀಳುತ್ತದೆ. ಅವರು ಒಂದು ಕಡೆ ಸಾಕ್ಷಿ ವಿಚಾರಣೆಯಲ್ಲಿರುವಾಗ ಇನ್ನೊಂದು ಕಡೆ ನ್ಯಾಯಾಧೀಶರು, ಗುಮಾಸ್ತರು, ಆರೋಪಿ, ಅವನ ವಕೀಲರು ಎಲ್ಲರೂ ಇದ್ದರೂ ಕೆಲಸ ಸಾಗುವುದಿಲ್ಲ. ದಿನದ ಕೂಲಿ ಬಿಟ್ಟು ಬಂದ ಸಾಕ್ಷಿಗೆ ಮುಂದಿನ ದಿನಾಂಕ ಸಿಗುತ್ತದೆ. ಮೀನುಗಾರಿಕೆಯ ಋತುವಿನಲ್ಲಿ ದೋಣಿಗೆ ಹೋಗದೆ ಕೋರ್ಟಿನ ಜಗಲಿಯಲ್ಲಿ ಕುಳಿತವನು ಮೂರನೇ ಬಾರಿ ಬರುತ್ತಾನೆಯೇ? ಬಂದರೂ ಕಂಡದ್ದು ಎಷ್ಟು ನೆನಪಿರುತ್ತದೆ? ಅಷ್ಟರೊಳಗೆ ಯಾರಾದರೂ ಅವನನ್ನು ಹೆದರಿಸಿರಲೂಬಹುದು. ಸಾಕ್ಷಿ ತಿರುಗಿ ಬಿದ್ದನೆಂದು ದೂರುವ ಮೊದಲು ಇದನ್ನೂ ನೋಡಬೇಕು.

ನಮ್ಮಲ್ಲಿ ಹಣ ಹರಿದದ್ದು ಹೆಚ್ಚಾಗಿ ನ್ಯಾಯಾಲಯಗಳ ಕಡೆಗೆ. 11ನೇ ಹಣಕಾಸು ಆಯೋಗವು 2000-05ರ ಅವಧಿಗೆ ದೇಶದಲ್ಲಿ 1,734 ತ್ವರಿತಗತಿ ನ್ಯಾಯಾಲಯಗಳಿಗಾಗಿ 502.90 ಕೋಟಿ ರೂಪಾಯಿ ನೀಡಲು ಶಿಫಾರಸು ಮಾಡಿತ್ತು. ಅವಧಿ ವಿಸ್ತರಣೆಯ ಬಳಿಕ 2011ರಲ್ಲಿ ಕೇಂದ್ರದ ನೆರವು ನಿಂತು, ಹೊರೆ ರಾಜ್ಯಗಳ ಮೇಲೆ ಬಿತ್ತು. ನ್ಯಾಯಾಧೀಶರ ನೇಮಕದ ದಾರಿ ಬೇರೆ, ಅಭಿಯೋಜಕರ ನೇಮಕದ ದಾರಿ ಬೇರೆ. ಅಭಿಯೋಜನಾ ನಿರ್ದೇಶಕರು ಗೃಹ ಇಲಾಖೆಯ ಆಡಳಿತ ನಿಯಂತ್ರಣದಲ್ಲಿರುತ್ತಾರೆ. ಆದುದರಿಂದ ಹೊಸ ನ್ಯಾಯಾಲಯ ಉದ್ಘಾಟನೆಯಾಯಿತೆಂದ ಮಾತ್ರಕ್ಕೆ ಅಭಿಯೋಜಕರೂ ಬಂದರೆಂದು ತಿಳಿಯಬೇಕಾಗಿಲ್ಲ. 2019ರ ಜುಲೈ 25ರಂದು ಸುಪ್ರೀಂ ಕೋರ್ಟ್, 100ಕ್ಕಿಂತ ಹೆಚ್ಚು ಪೋಕ್ಸೋ ಪ್ರಕರಣಗಳಿರುವ ಜಿಲ್ಲೆಗಳಲ್ಲಿ ವಿಶೇಷ ನ್ಯಾಯಾಲಯ ತೆರೆಯಲು ಆದೇಶಿಸಿದಾಗ, ಕೇಂದ್ರದ ಹಣದಲ್ಲಿ ವಿಶೇಷ ಅಭಿಯೋಜಕರ ವೆಚ್ಚವೂ ಸೇರಿರಬೇಕೆಂದು ಹೇಳಿತು. ಎಲ್ಲ ನ್ಯಾಯಾಲಯಗಳಿಗೂ ಹೀಗೆಯೇ ಲೆಕ್ಕ ಹಾಕಬೇಕಿತ್ತು.

ಹಾಗಾದರೆ ಜಿಲ್ಲಾ ಪಂಚಾಯತ್ ಹಣ ಕೊಡಬಾರದೇ ಎಂದು ಕೆಲವರು ಕೇಳುತ್ತಾರೆ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತ್‌ಗಳಿಗೆ ಸೂಚಿಸಿದ 29 ವಿಷಯಗಳಲ್ಲಿ ಇದು ಇಲ್ಲ. ಅಮೆರಿಕಾದ ಹಲವು ರಾಜ್ಯಗಳಲ್ಲಿ ಅಭಿಯೋಜಕರ ಕಚೇರಿಯ ವೆಚ್ಚದ ದೊಡ್ಡ ಪಾಲನ್ನು ಕೌಂಟಿ ಎಂಬ ಸ್ಥಳೀಯ ಆಡಳಿತವೇ ಭರಿಸುತ್ತದೆ. ಅಲ್ಲಿ ತೆರಿಗೆ ಕಡಿಮೆ ಬರುವ ಕೌಂಟಿಗೆ ರಸ್ತೆಯೋ ಅಭಿಯೋಜಕರೋ ಎಂಬ ಪ್ರಶ್ನೆ. ಬಡ ತಾಲೂಕಿಗೆ ಬಡ ನ್ಯಾಯ ಎಂಬ ಸ್ಥಿತಿ ನಮಗೆ ಬೇಡ. ವೆಚ್ಚ ರಾಜ್ಯದ್ದೇ ಆಗಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಊರವರೇ ಹಣ ಸೇರಿಸಿ ವಕೀಲರನ್ನು ಇಡುವುದೂ ಸುಲಭವಲ್ಲ. ವಿಶೇಷ ಅಭಿಯೋಜಕರ ಶುಲ್ಕವನ್ನು ಸಾಮಾನ್ಯವಾಗಿ ಸರ್ಕಾರವೇ ಕೊಡಬೇಕು. ಅಪರೂಪದ ಪ್ರಕರಣದಲ್ಲಿ ಖಾಸಗಿಯವರು ಕೊಟ್ಟರೂ ಅದು ಸರ್ಕಾರದ ಮೂಲಕವೇ ಹೋಗಬೇಕು ಎಂದು ಮುಕುಲ್ ದಲಾಲ್ ಪ್ರಕರಣದಲ್ಲಿ (1988) ಸುಪ್ರೀಂ ಕೋರ್ಟ್ ಹೇಳಿದೆ. ಸೆಷನ್ಸ್ ವಿಚಾರಣೆಯನ್ನು ಖಾಸಗಿ ವಕೀಲರು ತಾವೇ ನಡೆಸುವಂತಿಲ್ಲವೆಂದು ಶಿವಕುಮಾರ್ ಪ್ರಕರಣದಲ್ಲಿ (1999) ತೀರ್ಪಿತ್ತಿದೆ. ಹೇಗಾದರೂ ಶಿಕ್ಷೆ ಕೊಡಿಸುವುದು ಅಭಿಯೋಜಕರ ಕೆಲಸವಲ್ಲ, ಆರೋಪಿಗೆ ಅನುಕೂಲವಾದ ಸಂಗತಿಯನ್ನೂ ಅವರು ಮುಚ್ಚಿಡಬಾರದು. ನಮ್ಮ ಹಣ ಪಡೆದವರಿಂದ ಅದನ್ನು ನಿರೀಕ್ಷಿಸುವುದು ಕಷ್ಟ. ಆದರೂ ನ್ಯಾಯಾಲಯದ ಅನುಮತಿ ಪಡೆದು, ಅಭಿಯೋಜಕರಿಗೆ ನೆರವಾಗಲು ಸಂತ್ರಸ್ತರು ವಕೀಲರನ್ನು ನೇಮಿಸಿಕೊಳ್ಳಬಹುದು. ಖರ್ಚಿಗೆ ಗತಿಯಿಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಲಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿ ಇಲ್ಲ.

ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಎಪಿಪಿ ಇಲ್ಲವೆಂದಾದರೆ ನ್ಯಾಯಾಧೀಶರನ್ನು ದೂರಿ ಫಲವಿಲ್ಲ. ಒಂದು ಪ್ರಕರಣದ ಮಟ್ಟಿಗೆ ಬೇರೊಬ್ಬರನ್ನು ನೇಮಿಸುವ ಅಧಿಕಾರ, ಸರ್ಕಾರಕ್ಕೆ 14 ದಿನಗಳ ನೋಟಿಸ್ ಕೊಟ್ಟ ಬಳಿಕ, ಜಿಲ್ಲಾಧಿಕಾರಿಗಳಿಗೆ ಇದೆ. ಖಾಲಿ ಹುದ್ದೆ ತುಂಬಿಸುವಂತೆ ಕೇಳುವ ಮನವಿ ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆಗೆ ಹೋಗಬೇಕು, ಪ್ರತಿ ಶಾಸಕರಿಗೆ. ಮನವಿಯಲ್ಲಿ ನ್ಯಾಯಾಲಯದ ಹೆಸರು, ಪ್ರಕರಣದ ಸಂಖ್ಯೆ ಮತ್ತು ಸಾಕ್ಷಿಗಳು ಬರಿಗೈಯಲ್ಲಿ ಹಿಂದಿರುಗಿದ ದಿನಾಂಕಗಳನ್ನು ಬರೆಯಿರಿ.