ಅಪ್ಪ ಕಲಿತ ತಿಂಡಿ

‘ಕ್ರೇಮರ್ ವರ್ಸಸ್ ಕ್ರೇಮರ್’ 1979ರ ಹಾಲಿವುಡ್ ಚಿತ್ರ. ಐದು ಆಸ್ಕರ್ ಗೆದ್ದದ್ದು. ಡಸ್ಟಿನ್ ಹಾಫ್‌ಮನ್ ಅಭಿನಯಿಸಿದ ನಾಯಕ ಟೆಡ್, ನ್ಯೂಯಾರ್ಕಿನ ಜಾಹೀರಾತು ಕಂಪೆನಿಯೊಂದರ ನೌಕರ. ಅವನಿಗೆ ಕಚೇರಿಯೇ ಸರ್ವಸ್ವ. ಹೆಂಡತಿ ಮನೆ ಬಿಟ್ಟ ಮರುದಿನ ಮಗ ಬಿಲ್ಲಿಗೆ ತಿಂಡಿ ಮಾಡಲು ಹೋಗಿ ಬ್ರೆಡ್ಡು ಸೀಯಿಸಿ, ಕೈ ಸುಟ್ಟುಕೊಳ್ಳುತ್ತಾನೆ. ಶಾಲೆಗೆ ಬಿಡುವಾಗ ಮಗನನ್ನೇ ಕೇಳುತ್ತಾನೆ: ನೀನು ಎಷ್ಟನೇ ಕ್ಲಾಸು?

ಮಗನತ್ತ ಗಮನ ಹೆಚ್ಚಿದಂತೆ ಕಚೇರಿ ಕೆಲಸ ಹಿಂದೆ ಬೀಳುತ್ತದೆ. ಕೊನೆಗೆ ನೌಕರಿಯೇ ಹೋಗುತ್ತದೆ. ಮಗನನ್ನು ಉಳಿಸಿಕೊಳ್ಳಲು ಕಡಿಮೆ ಸಂಬಳಕ್ಕೆ ಬೇರೆಡೆ ಸೇರಿದರೂ ನ್ಯಾಯಾಲಯ ಬಿಲ್ಲಿಯನ್ನು ತಾಯಿಗೆ ಒಪ್ಪಿಸುತ್ತದೆ. ಅವನು ಹೊರಡಬೇಕಾದ ಬೆಳಿಗ್ಗೆ ಅಪ್ಪ, ಮಗ ಮಾತಿಲ್ಲದೆ ಅದೇ ತಿಂಡಿ ಮಾಡುತ್ತಾರೆ. ಈ ಸಲ ಏನೂ ಸೀಯುವುದಿಲ್ಲ. ಕರೆದೊಯ್ಯಲು ಬಂದ ತಾಯಿಯೂ ಮನಸ್ಸು ಬದಲಿಸುತ್ತಾಳೆ.

ಅಪ್ಪಂದಿರೇ, ನಿಮ್ಮ ಮಗು ಎಷ್ಟನೇ ಕ್ಲಾಸು? ಯಾರನ್ನೂ ಕೇಳದೆ ಹೇಳಿ ನೋಡೋಣ!