ಗದ್ದೆಯಲ್ಲಿ ಪರೀಕ್ಷೆ ನಡೆಸುವ ಕ್ರಮ

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲ್ಲೂಕುಗಳ ರೈತರು ಹೊಸ ಬೀಜ, ಹೊಸ ಗೊಬ್ಬರ, ಹೊಸ ಔಷಧಗಳನ್ನು ಪರೀಕ್ಷಿಸಿ ನೋಡುವುದರಲ್ಲಿ ಹಿಂದೆಗೆಯುವವರಲ್ಲ. ಆದರೆ ಆ ಪರೀಕ್ಷೆಯು ಬಹುಮಟ್ಟಿಗೆ ಒಂದೇ ತೆರನಾಗಿರುತ್ತದೆ: ಒಂದು ಗದ್ದೆಗೆ ಹೊಸದು, ಪಕ್ಕದ ಗದ್ದೆಗೆ ಹಳೆಯದು, ಕೊಯ್ಲಾದ ಮೇಲೆ ಎರಡನ್ನೂ ಅಳೆದು, ಹೆಚ್ಚು ಬಂದುದೇ ಉತ್ತಮವೆಂದು ನಿಶ್ಚಯಿಸುವುದು. ಈ ಕ್ರಮವು ಹೇಗೆ ಮೋಸಗೊಳಿಸುತ್ತದೆ, ಅದನ್ನು ಹೇಗೆ ತಿದ್ದಿಕೊಳ್ಳಬಹುದು ಎಂಬುದನ್ನು ತಿಳಿಸುವುದೇ ಈ ಕರಪತ್ರದ ಉದ್ದೇಶ.

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಯ ಅಳಿವೆಗೆ ಹೊಂದಿದ ಗಜನಿ ಭೂಮಿಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಉಪ್ಪುನೀರು ಏರಿಳಿಯುವ ಈ ನೆಲವನ್ನು ಮುಂಗಾರು ಮಳೆಯು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತವನ್ನು ಬಿತ್ತುವುದು ಪೂರ್ವಕಾಲದಿಂದ ಬಂದ ಪದ್ಧತಿ. ಕಗ್ಗವು ಉಪ್ಪನ್ನೂ ನಿಂತ ನೀರನ್ನೂ ತಾಳತಕ್ಕ ಎತ್ತರದ ತಳಿ. ಗಜನಿಯ ನೆಲವು ನೋಡುವುದಕ್ಕೆ ಸಮವಾಗಿದ್ದರೂ ಗುಣದಲ್ಲಿ ಸಮವಲ್ಲ. ಹೊಳೆಯ ಕಟ್ಟೆಯ ಕಡೆಗೆ ಉಪ್ಪು ಹೆಚ್ಚು, ತಗ್ಗು ಹೆಚ್ಚು; ಊರಿನ ಕಡೆಗೆ ಸಿಹಿನೀರು ಮೊದಲು ಇಳಿದು ಬರುವುದರಿಂದ ಉಪ್ಪು ಬೇಗ ತೊಳೆದುಹೋಗುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥ ಒಂದು ಗಜನಿಯಲ್ಲಿ ಗಿಡ್ಡ ತಳಿಯೊಂದನ್ನು ಊರ ಕಡೆಯ ಪಟ್ಟಿಯಲ್ಲಿ ಹಾಕಿಸಿದೆನು. ಕಗ್ಗವು ಕೆಳಗಿನ ಪಟ್ಟಿಯಲ್ಲಿತ್ತು. ಹೊಸ ತಳಿಯು ಎದ್ದು ಕಾಣುವಷ್ಟು ಹೆಚ್ಚು ಕೊಟ್ಟಿತು. ನಾನೂ ಹಿಗ್ಗಿ ಹಾಗೆಯೇ ವರದಿ ಬರೆದೆನು. ಮರುವರ್ಷ ಇಬ್ಬರು ರೈತರು ನನ್ನ ಮಾತಿನ ಮೇಲೆ ತಮ್ಮ ಪಾಲಿನ ನೆಲಕ್ಕೆಲ್ಲ ಅದನ್ನೇ ಬಿತ್ತಿದರು. ಆಷಾಢದ ನೀರು ಹತ್ತು ದಿವಸ ನಿಂತಿತು. ಅವರಿಗೆ ಮನೆಯ ಊಟಕ್ಕೂ ಭತ್ತ ಬರಲಿಲ್ಲ, ಬೀಜಕ್ಕೆ ಕಗ್ಗವೂ ಉಳಿಯಲಿಲ್ಲ. ನಾನು ಅಳೆದಿದ್ದುದು ತಳಿಯ ಗುಣವನ್ನಲ್ಲ, ನೆಲದ ಗುಣವನ್ನು.

ಈ ತೊಡಕು ನಮ್ಮ ಗಜನಿಗೆ ಮಾತ್ರ ಸೇರಿದುದಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕ್ಷೇತ್ರದಲ್ಲಿ 1843ರಿಂದ ಗೊಬ್ಬರದ ಪರೀಕ್ಷೆಗಳು ನಡೆಯುತ್ತ ಬಂದಿದ್ದರೂ, ಪಟ್ಟಿಗೊಂದು ಗೊಬ್ಬರದಂತೆ ಹಾಕಿದ್ದುದರಿಂದ ನೆಲದ ಭೇದವನ್ನೂ ಗೊಬ್ಬರದ ಭೇದವನ್ನೂ ಬಿಡಿಸುವುದು ಕಷ್ಟವಾಗಿತ್ತು. 1919ರಲ್ಲಿ ಅಲ್ಲಿಗೆ ಬಂದ ರೊನಾಲ್ಡ್ ಫಿಷರ್ ಎಂಬ ಗಣಿತಜ್ಞರು ಮೂರು ಉಪಾಯಗಳನ್ನು ಒಂದುಗೂಡಿಸಿದರು: ಒಂದೇ ಗುಣದ ನೆಲದಲ್ಲಿ ಹೋಲಿಕೆ, ಅದೇ ಹೋಲಿಕೆಯನ್ನು ಹಲವೆಡೆ ಮರಳಿ ಮಾಡುವುದು, ಯಾವುದು ಎಲ್ಲಿ ಬರಬೇಕೆಂಬುದನ್ನು ಅದೃಷ್ಟಕ್ಕೆ ಬಿಡುವುದು. ನಮ್ಮ ದೇಶದಲ್ಲಿ ಪಾನ್ಸೆ ಮತ್ತು ಸುಖಾತ್ಮೆ ಎಂಬವರು 1954ರಲ್ಲಿ ಪ್ರಕಟಿಸಿದ ಗ್ರಂಥದಿಂದ ಕೃಷಿ ವಿದ್ಯಾರ್ಥಿಗಳು ಇದನ್ನು ಕಲಿತರು. ನಾನೂ ಕಾಲೇಜಿನಲ್ಲಿ ಓದಿದ್ದೆನು. ಗದ್ದೆಗೆ ಇಳಿದಾಗ ಮರೆತಿದ್ದೆನು.

ಗಜನಿಯಲ್ಲಿ ಇದನ್ನು ಮಾಡತಕ್ಕ ಬಗೆ ಹೀಗೆ. ಊರ ಕಡೆಯಿಂದ ಕಟ್ಟೆಯವರೆಗೆ ಆರು ಕಡೆಗಳಲ್ಲಿ ಜೊತೆ ಮಡಿಗಳನ್ನು ಗುರುತು ಮಾಡಿರಿ. ಒಂದು ಜೊತೆಯ ಎರಡು ಮಡಿಗಳು ಒಂದೇ ಮಟ್ಟದಲ್ಲಿ ಅಕ್ಕಪಕ್ಕ ಇರತಕ್ಕದ್ದು. ಒಂದು ಮೇಲೆ ಒಂದು ಕೆಳಗೆ ಆಗಬಾರದು. ಬಳಿಕ ಪ್ರತಿಯೊಂದು ಜೊತೆಯ ಮುಂದೆ ನಿಂತು ಒಂದು ರೂಪಾಯಿಯ ನಾಣ್ಯವನ್ನು ಚಿಮ್ಮಿರಿ. ಸಿಂಹದ ಮುಖ ಮೇಲಾದರೆ ಹೊಸ ಬೀಜವು ಎಡಕ್ಕೆ, ಅಂಕೆಯ ಮುಖ ಮೇಲಾದರೆ ಬಲಕ್ಕೆ. ಬಿದ್ದುದನ್ನು ಅಲ್ಲಿಯೇ ಪುಸ್ತಕದಲ್ಲಿ ಬರೆಯಿರಿ. ಮನಸ್ಸಿಗೆ ಒಗ್ಗಲಿಲ್ಲವೆಂದು ಎರಡನೆಯ ಸಲ ಚಿಮ್ಮಕೂಡದು. ಅನುಭವಸ್ಥರಾದ ರೈತರು ಇದನ್ನು ಹುಡುಗಾಟವೆಂದು ನಗುವುದುಂಟು. ಆದರೆ ನಾವೇ ಸ್ಥಳವನ್ನು ಆರಿಸಿದರೆ, ಬೇಡವೆಂದರೂ ನಮ್ಮ ಮೆಚ್ಚಿನ ಬೀಜಕ್ಕೆ ಒಳ್ಳೆಯ ಮೂಲೆಯೇ ದೊರೆಯುತ್ತದೆ.

ನಾಣ್ಯದಿಂದ ಇನ್ನೊಂದು ಉಪಕಾರವುಂಟು. ಎರಡು ಬೀಜಗಳಿಗೂ ನಿಜವಾಗಿ ಯಾವ ಭೇದವೂ ಇಲ್ಲವೆಂದು ಭಾವಿಸಿರಿ. ಆಗ ಒಂದು ಜೊತೆಯಲ್ಲಿ ಹೆಚ್ಚು ಬೆಳೆಯುವ ಮಡಿಯು ಹೊಸ ಬೀಜದ ಪಾಲಿಗೆ ಬಂದುದು ನಾಣ್ಯ ಬಿದ್ದ ರೀತಿಯಿಂದಲೇ. ಆರು ನಾಣ್ಯಗಳು ಬೀಳುವ ರೀತಿಗಳು ಒಟ್ಟು 64. ಆರಕ್ಕೆ ಆರೂ ಜೊತೆಗಳಲ್ಲಿ ಹೊಸ ಬೀಜವೇ ಗೆಲ್ಲುವುದು ಆ 64ರಲ್ಲಿ ಒಂದೇ ರೀತಿಯಿಂದ. ಆದಕಾರಣ ಹಾಗೆ ಗೆದ್ದರೆ ಬೀಜದಲ್ಲಿ ಸತ್ತ್ವವಿದೆಯೆಂದು ನಂಬಲು ಕಾರಣವುಂಟು. ಐದರಲ್ಲಿ ಗೆದ್ದು ಒಂದರಲ್ಲಿ ಸೋತರೋ? ಐದು ಅಥವಾ ಅದಕ್ಕಿಂತ ಹೆಚ್ಚು ಗೆಲ್ಲುವ ರೀತಿಗಳು 7. ಎಂದರೆ ಏನೂ ಸತ್ತ್ವವಿಲ್ಲದ ಬೀಜವೂ ಒಂಬತ್ತು ಪರೀಕ್ಷೆಗಳಲ್ಲಿ ಸುಮಾರು ಒಂದರಲ್ಲಿ ಇಷ್ಟು ಚೆನ್ನಾಗಿ ತೋರಬಹುದು, ಅವಸರಪಡಬಾರದು. ಒಂದೇ ಜೊತೆಯ ಪರೀಕ್ಷೆಯಲ್ಲಾದರೋ ಅದು ಎರಡರಲ್ಲಿ ಒಂದು ಸಲ ಗೆಲ್ಲುತ್ತದೆ. ಸೋತ ಜೊತೆಯು ಕಟ್ಟೆಯ ಕಡೆಯದಾಗಿದ್ದರೆ, ಊರ ಕಡೆಗೆ ಮಾತ್ರ ಹೊಸದನ್ನು ಬಿತ್ತಿ ಕೆಳಗೆ ಕಗ್ಗವನ್ನೇ ಉಳಿಸಿಕೊಳ್ಳಬಹುದೇ ಎಂಬುದನ್ನು ಮರುವರ್ಷ ನೋಡತಕ್ಕದ್ದು. ನೀರು ನಿಲ್ಲದ ವರ್ಷವೊಂದರಲ್ಲಿ ಕಗ್ಗದ ಗುಣವು ತೋರುವುದೇ ಇಲ್ಲ. ಆದುದರಿಂದ ಎರಡು ಮೂರು ಮಳೆಗಾಲ ಕಾಯುವುದು ಅವಶ್ಯ. ಅಲ್ಲಿಯವರೆಗೆ ಹಳೆಯ ಬೀಜವನ್ನು ಮನೆಯಿಂದ ಹೋಗಗೊಡಬೇಡಿರಿ.

ಕೊಯ್ಯುವಾಗ ಬದುವಿನ ಅಂಚನ್ನು ಬಿಟ್ಟು ಮಡಿಯ ನಡುವೆ 5 ಮೀಟರು ಉದ್ದ 5 ಮೀಟರು ಅಗಲದ ಚೌಕವನ್ನು ಹಗ್ಗದಿಂದ ಅಳೆದು ಅಷ್ಟನ್ನೇ ತೂಗಿರಿ. ಈ ಚೌಕವು ಎಕರೆಯ ಸುಮಾರು 162ನೆಯ ಒಂದು ಪಾಲು. ಆದುದರಿಂದ ತಕ್ಕಡಿಯಲ್ಲಿ ಕಾಲು ಕಿಲೋ ತಪ್ಪಿದರೆ ಎಕರೆಗೆ 40 ಕಿಲೋ ತಪ್ಪುತ್ತದೆ. ಒಂದು ಮಡಿಯ ಭತ್ತ ಹಸಿ, ಇನ್ನೊಂದರದು ಒಣಗಿದುದು ಎಂದಾದರೂ ಲೆಕ್ಕ ಕೆಡುತ್ತದೆ.

ಹೊನ್ನಾವರದ ಅಡಿಕೆ ತೋಟಗಳವರಿಗೆ ಒಂದು ಮಾತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವು, ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ಈ ರೋಗವನ್ನು ಅಭ್ಯಸಿಸಿದಂದಿನಿಂದ ಪರೀಕ್ಷಿತವಾಗಿ ಬಂದಿದೆ. ಹೊಸ ಔಷಧವನ್ನು ನೋಡಬೇಕೆಂದರೆ ಅದನ್ನು ಬೋರ್ಡೋ ದ್ರಾವಣದೊಡನೆ ಹೋಲಿಸಿರಿ. ಏನನ್ನೂ ಸಿಂಪಡಿಸದ ಮರಗಳೊಡನೆ ಹೋಲಿಸಿ ಫಸಲನ್ನು ಕಳೆದುಕೊಳ್ಳಬೇಡಿರಿ. ಸಿಂಪಡಿಸಿದುದು ಪಕ್ಕದ ಮರಕ್ಕೂ ಹಾರುವುದರಿಂದ ಒಂಟಿ ಮರಗಳ ಬದಲು ಮರಗಳ ಗುಂಪುಗಳನ್ನು ಜೊತೆ ಮಾಡಿ, ನಡುವೆ ಒಂದು ಸಾಲನ್ನು ಲೆಕ್ಕದಿಂದ ಬಿಡತಕ್ಕದ್ದು. ಅಡಿಕೆಯು ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ ಬಿಡುವುದುಂಟಾದ ಕಾರಣ, ಮರಗಳಿಗೆ ಬಣ್ಣದಿಂದ ಅಂಕೆ ಹಾಕಿ, ಪರೀಕ್ಷೆಗೆ ಮುಂಚಿನ ಎರಡು ವರ್ಷಗಳ ಗೊನೆಗಳ ಲೆಕ್ಕವನ್ನು ಮರವಾರು ಬರೆದಿಟ್ಟಿರಬೇಕು. ಈ ವರ್ಷದ ಕೊನೆಕೊಯ್ಲಿನಿಂದಲೇ ಬರೆಯಲು ತೊಡಗಬಹುದು.