ಸಸಿಯ ಆಯ್ಕೆ

ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿ ಕಾಣಬೇಕು ಎಂಬುದು ಕನ್ನಡಿಗರಿಗೆಲ್ಲ ಬಾಯಿಪಾಠವಾದ ಗಾದೆ. ಮೂರು ವರ್ಷದ ಮಗು ಎರಡು ಶ್ಲೋಕಗಳನ್ನು ತಡವರಿಸದೆ ಒಪ್ಪಿಸಿದರೆ ಮನೆಯ ಹಿರಿಯರು ಇದನ್ನು ಹೇಳುತ್ತಾರೆ. ಹುಡುಗನೊಬ್ಬ ಕೆಳತರಗತಿಯಲ್ಲಿ ಮೊದಲ ಬಹುಮಾನ ಪಡೆದರೆ ಉಪಾಧ್ಯಾಯರು ಹೇಳುತ್ತಾರೆ. ಆದರೆ ಮೊಳಕೆಯಲ್ಲಿ ನೋಡಬೇಕಾದುದು ಏನನ್ನು ಎಂಬ ಪ್ರಶ್ನೆಗೆ ಗಾದೆಯಲ್ಲಿ ಉತ್ತರವಿಲ್ಲ. ಗಾದೆಗಳ ಸ್ವಭಾವವೇ ಹಾಗೆ. ತಿಳಿದವರಿಗೆ ಅವು ನೆನಪು ಕೊಡುತ್ತವೆಯೇ ಹೊರತು ತಿಳಿಯದವರಿಗೆ ಪಾಠ ಹೇಳುವುದಿಲ್ಲ. ಪಾಠ ಬೇಕಾದವರು ಶಿವರಾತ್ರಿಯ ಆಸುಪಾಸಿನಲ್ಲಿ ತರಕಾರಿ ಸಸಿ ಮಾರುವವರ ಮುಂದೆ ಅರ್ಧ ಗಂಟೆ ನಿಲ್ಲಬೇಕು.

ಶಿವರಾತ್ರಿ ಎಂದೆ. ಅಂದಿಗೆ ಚಳಿಯು ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುತ್ತದೆಂದು ನಮ್ಮವರ ಮಾತು. ಮೈಸೂರು, ಬೆಂಗಳೂರುಗಳ ಸೀಮೆಯಲ್ಲಿ ಬೇಸಗೆಯ ಕೈತೋಟಕ್ಕೆ ಗುದ್ದಲಿ ಹಿಡಿಯಬೇಕಾದ ಕಾಲವೂ ಅದೇ. ಜನವರಿಯಲ್ಲಿ ಸಸಿಮಡಿಗೆ ಬಿದ್ದ ಬೀಜ ಅಷ್ಟು ಹೊತ್ತಿಗೆ ನಾಲ್ಕೈದು ಎಲೆಯ ಸಸಿಯಾಗಿರುತ್ತದೆ. ಟೊಮ್ಯಾಟೊ ಸುಮಾರು ನಾಲ್ಕು ವಾರಕ್ಕೆ, ಬದನೆ ನಾಲ್ಕೈದು ವಾರಕ್ಕೆ, ಮೆಣಸಿನ ಸಸಿ ಐದಾರು ವಾರಕ್ಕೆ ನಾಟಿಗೆ ಒದಗುತ್ತವೆ. ಫಾಲ್ಗುಣದ ಮೊದಲಲ್ಲಿ ನೆಟ್ಟ ಸಸಿಗೆ ಬೇರೂರಲು ಒಂದು ತಿಂಗಳ ಬಿಡುವು ದೊರೆಯುತ್ತದೆ. ಯುಗಾದಿ ಕಳೆದು ಬಿಸಿಲು ಬಲಿಯುವ ವೇಳೆಗೆ ಅದು ಆಳದ ತೇವವನ್ನು ಹುಡುಕಿಕೊಂಡಿರುತ್ತದೆ. ಏಪ್ರಿಲ್ ನಡುವಿನಿಂದ ಅಶ್ವಿನಿ, ಭರಣಿ ಮಳೆಗಳ ಕಾಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ಹೇಳುವರಷ್ಟೆ. ಕುಡಿಯಲು ಬೇರಿರುವ ಗಿಡಕ್ಕೆ ಆ ಮಳೆ ಅಮೃತ; ತಡವಾಗಿ ನೆಟ್ಟು ಇನ್ನೂ ಮಣ್ಣು ಹಿಡಿಯದ ಗಿಡಕ್ಕೆ ಅದರೊಡನೆ ಬರುವ ಆಲಿಕಲ್ಲಿನ ಒಂದು ಏಟೇ ಸಾಕು.

ನಾನು ಸಸಿ ಕೊಳ್ಳುವುದು ಮೈಸೂರಿನ ಒಂದು ಸಂತೆಬೀದಿಯ ಅಂಚಿನಲ್ಲಿ, ಒದ್ದೆ ಗೋಣಿಯ ಮೇಲೆ ಸಸಿಗಳ ಕಟ್ಟುಗಳನ್ನು ಹರಡಿಕೊಂಡು ಕುಳಿತಿರುವ ಒಬ್ಬ ವೃದ್ಧೆಯ ಬಳಿ. ಅಲ್ಲಿ ಕೊಳ್ಳುವುದಕ್ಕಿಂತ ಕೊಳ್ಳುವವರನ್ನು ನೋಡುವುದರಲ್ಲಿ ನನಗೆ ಹೆಚ್ಚು ಸಂತೋಷ. ಬಹುಮಂದಿಯ ಕೈ ನೇರವಾಗಿ ಹೋಗುವುದು ಎಲ್ಲಕ್ಕಿಂತ ಎತ್ತರವಾಗಿ ಬೆಳೆದ ಸಸಿಗೆ. ಅದರ ನೆತ್ತಿಯಲ್ಲಿ ಒಂದು ಹೂವೂ ಅರಳಿದ್ದರೆ ಚೌಕಾಸಿ ಮಾಡುವುದನ್ನೇ ಮರೆತುಬಿಡುತ್ತಾರೆ. ಗಿಡ್ಡವಾಗಿ, ದಪ್ಪ ಕಾಂಡದಿಂದ, ಗಂಭೀರವಾಗಿ ಕುಳಿತ ಸಸಿಗಳು ಗೋಣಿಯ ಮೇಲೆಯೇ ಉಳಿಯುತ್ತವೆ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಆಕೆ ಸುಮ್ಮನಿರಬೇಕು. ಆದರೆ ಪರಿಚಯದವರು ಬಂದಾಗ ನಾಲಗೆ ಕೇಳುವುದಿಲ್ಲ.

“ಹೂ ನೋಡಿ ಮರುಳಾಗಬ್ಯಾಡಿ ಸ್ವಾಮಿ. ಹೊಟ್ಟೆಗಿಲ್ದೆ ಹೂ ಬಂದೈತೆ ಅದಕ್ಕೆ. ಬುಡ ನೋಡಿ ತಗೊಳ್ಳಿ” ಎಂದು ಒಮ್ಮೆ ಅವಳು ನನ್ನ ಪಕ್ಕದಲ್ಲಿದ್ದವರಿಗೆ ಹೇಳಿದ ಮಾತನ್ನು ನಾನು ಬಹಳ ದಿನ ಮೆಲುಕು ಹಾಕಿದ್ದೇನೆ. ಸಸ್ಯಶಾಸ್ತ್ರದ ಗ್ರಂಥಗಳೂ ಇದಕ್ಕೆ ವಿರುದ್ಧವಾಗಿ ಹೇಳುವುದಿಲ್ಲ. ಚಿಕ್ಕ ಕುಣಿಕೆಯಲ್ಲಿ ಬೇರು ಚಾಚಲು ಎಡೆಯಿಲ್ಲದೆ, ನೀರೂ ಸಾರವೂ ಸಾಲದೆ ಬಹಳ ದಿನ ನಿಂತ ಸಸಿ ತನ್ನ ಕಾಲ ಮುಗಿಯುತ್ತ ಬಂದಿತೆಂಬಂತೆ ವರ್ತಿಸುತ್ತದೆ. ಇದ್ದಷ್ಟು ಶಕ್ತಿಯನ್ನು ಹೂವಿಗೆ ಹಾಕಿ ಬೀಜ ಬಿಡಲು ಆತುರಪಡುತ್ತದೆ. ಎತ್ತರದ ಕಥೆಯೂ ಇಂಥದೇ. ನೆರಳಿನಲ್ಲಿ, ಒತ್ತಾಗಿ ಬೆಳೆದ ಸಸಿ ಬೆಳಕನ್ನರಸುತ್ತ ಕುತ್ತಿಗೆ ಉದ್ದಮಾಡುತ್ತದೆ. ಗೆಣ್ಣುಗಳ ನಡುವಣ ಅಂತರ ಹೆಚ್ಚುತ್ತದೆ, ಕಾಂಡ ಸಣಕಲಾಗುತ್ತದೆ, ಎಲೆ ಬಿಳಿಚಿಕೊಳ್ಳುತ್ತದೆ. ನಾವು ಬೆಳವಣಿಗೆಯೆಂದು ಮೆಚ್ಚುವುದು ಅದರ ಹಸಿವನ್ನು.

ನಮ್ಮ ಬೀದಿಯ ಮಿತ್ರರೊಬ್ಬರು ಒಂದು ವರ್ಷ ಹೂಬಿಟ್ಟ ಟೊಮ್ಯಾಟೊ ಸಸಿಗಳನ್ನೇ ಆರಿಸಿ ತಂದರು. ಅದೇ ದಿನ, ಅದೇ ಗೋಣಿಯಿಂದ ನಾನು ಗಿಡ್ಡ ಸಸಿಗಳನ್ನು ತಂದೆ. ಯುಗಾದಿಯ ಹೊತ್ತಿಗೆ ಅವರ ಗಿಡದಲ್ಲಿ ಕೆಂಪು ಹಣ್ಣು ಕಾಣಿಸಿತು, ಕರೆದು ತೋರಿಸಿದರು. ನಾನೂ ಮನಸಾರ ಅಭಿನಂದಿಸಿದೆ. ನಿಂಬೆಗಾತ್ರದ ಆ ನಾಲ್ಕಾರು ಹಣ್ಣುಗಳಾದ ಮೇಲೆ ಗಿಡ ಮೇಲೇಳಲಿಲ್ಲ. ನಮ್ಮವು ಮೂರು ವಾರ ತಡವಾಗಿ ಹೂಬಿಟ್ಟು, ವೈಶಾಖವೆಲ್ಲ ಸಾರಿಗೆ ಹಣ್ಣು ಕೊಟ್ಟವು. ಇದರಲ್ಲಿ ನನ್ನ ಜಾಣ್ಮೆ ಏನೂ ಇಲ್ಲ. ಎಲ್ಲವೂ ಆ ವೃದ್ಧೆಯ ಮಾತಿನ ಫಲ. ಅನಿವಾರ್ಯವಾಗಿ ಹೂಬಿಟ್ಟ ಸಸಿಯನ್ನೇ ಕೊಳ್ಳಬೇಕಾಗಿ ಬಂದರೆ ನೆಡುವಾಗ ಆ ಹೂವನ್ನು ಚಿವುಟಿಹಾಕುವುದು ಲೇಸು. ಮನಸ್ಸಿಗೆ ಕಷ್ಟವಾಗುತ್ತದೆ, ನಿಜ. ಆದರೆ ಗಿಡ ಬೇರಿನ ಕಡೆಗೆ ಗಮನ ಕೊಡುತ್ತದೆ.

ಹಾಗಾದರೆ ನೋಡಬೇಕಾದುದು ಏನನ್ನು? ಮೊದಲು ಬುಡವನ್ನು. ಕಾಂಡ ಗಿಡದ ಎತ್ತರಕ್ಕೆ ತಕ್ಕಷ್ಟು ದಪ್ಪವಾಗಿರಬೇಕು. ಮಣ್ಣಿನ ಮಟ್ಟದಲ್ಲಿ ಕಪ್ಪಾಗಿ, ಹಿಂಡಿದಂತೆ ಸಣ್ಣಗಾಗಿದ್ದರೆ ಅದು ಬುಡಕೊಳೆಯ ಗುರುತು. ನೀರು ಹೆಚ್ಚಾಗಿ ಗಾಳಿಯಾಡದ ಮಡಿಗಳಲ್ಲಿ ಶಿಲೀಂಧ್ರದಂಥ ಸೂಕ್ಷ್ಮಜೀವಿಗಳಿಂದ ಬರುವ ಈ ರೋಗ ಒಂದೇ ರಾತ್ರಿಯಲ್ಲಿ ಸಾಲುಸಾಲು ಸಸಿಗಳನ್ನು ಮಲಗಿಸಬಲ್ಲದು. ಎರಡನೆಯದಾಗಿ, ಎಲೆಯನ್ನು ಮಗುಚಿ ಅದರ ಬೆನ್ನನ್ನು ನೋಡಬೇಕು. ಎಲೆಯ ಮುಖ ಎಲ್ಲರಿಗೂ ಕಾಣುತ್ತದೆ. ಕೇಡು ಇರುವುದು ಬೆನ್ನಿನಲ್ಲಿ. ಮುಟ್ಟಿದೊಡನೆ ಹಿಟ್ಟು ಹಾರಿದಂತೆ ಏಳುವ ಬಿಳಿನೊಣ ಟೊಮ್ಯಾಟೊ ಗಿಡಕ್ಕೆ ಎಲೆಮುದುಡು ರೋಗದ ವೈರಾಣುವನ್ನು ಹೊತ್ತು ತರುತ್ತದೆ. ಮೆಣಸಿನ ಸಸಿಯ ಕುಡಿ ದೋಣಿಯಂತೆ ಮುರುಟಿದ್ದರೆ ಅಲ್ಲಿ ನುಸಿಯೋ ಥ್ರಿಪ್ಸ್ ಕೀಟವೋ ಮನೆಮಾಡಿದೆಯೆಂದು ತಿಳಿಯಬೇಕು. ಇಂಥ ಒಂದು ಸಸಿ ಹಿತ್ತಿಲಿಗೆ ಬಂದರೆ ಉಳಿದವೂ ಅದರ ಹಾದಿಯನ್ನೇ ಹಿಡಿಯುತ್ತವೆ. ಮೂರನೆಯದು ಬೇರು. ಈಗ ಬಹುಮಟ್ಟಿಗೆ ಸಸಿಗಳನ್ನು ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಗಳ ಸಣ್ಣ ಕುಣಿಕೆಗಳಲ್ಲಿ ಬೆಳೆಸುತ್ತಾರೆ. ಮಾರುವವರ ಅನುಮತಿ ಪಡೆದು ಒಂದನ್ನು ಮೆಲ್ಲನೆ ಎಳೆದು ನೋಡಿದರೆ ಬೆಳ್ಳಗಿನ ಬೇರು ಪುಡಿಯನ್ನು ಬಿಗಿಯಾಗಿ ಹಿಡಿದಿರಬೇಕು. ಕಂದುಬಣ್ಣಕ್ಕೆ ತಿರುಗಿ ಸುರುಳಿ ಸುತ್ತಿಕೊಂಡಿದ್ದರೆ ಅದು ವಯಸ್ಸು ಮೀರಿದ ಸಸಿ.

ನಾಲ್ಕನೆಯದೊಂದುಂಟು, ಅದು ಕಣ್ಣಿಗೆ ಕಾಣುವುದಲ್ಲ, ಕೇಳಿ ತಿಳಿಯಬೇಕಾದುದು. ಅದೇ ತಳಿಯ ಹೆಸರು. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತನ್ನ ತಳಿಗಳಿಗೆ ‘ಅರ್ಕಾ’ ಎಂಬ ಮೊದಲ ಹೆಸರಿಟ್ಟಿದೆ. ಟೊಮ್ಯಾಟೊದಲ್ಲಿ ಅರ್ಕಾ ವಿಕಾಸ್ ಶುದ್ಧ ತಳಿ. ಅದರ ಹಣ್ಣಿನಿಂದ ತೆಗೆದಿಟ್ಟ ಬೀಜ ಮರುವರ್ಷವೂ ಅದೇ ಗುಣವನ್ನು ಕೊಡುತ್ತದೆ. ಅರ್ಕಾ ರಕ್ಷಕ್ ಸಂಕರ ತಳಿ. ಎಲೆಮುದುಡು, ಸೊರಗು, ಅಂಗಮಾರಿಗಳೆಂಬ ಮೂರು ರೋಗಗಳನ್ನು ಎದುರಿಸಬಲ್ಲ ಶಕ್ತಿ ಅದಕ್ಕುಂಟು, ಆದರೆ ಅದರ ಬೀಜ ಬಿತ್ತಿದರೆ ಮಕ್ಕಳು ತಾಯಿಯನ್ನು ಹೋಲುವುದಿಲ್ಲ. ಎರಡಕ್ಕೂ ಅವುಗಳದೇ ಉಪಯೋಗವಿದೆ; ಯಾವುದನ್ನು ತಂದಿದ್ದೇವೆಂದು ನಮಗೆ ತಿಳಿದಿರಬೇಕು, ಅಷ್ಟೆ. ಇದೇ ಸಂಸ್ಥೆಯ ಬೆಂಡೆಯ ಒಂದು ತಳಿಗೆ ಅರ್ಕಾ ಅನಾಮಿಕಾ ಎಂದು ಹೆಸರು. ಅನಾಮಿಕೆಯೆಂದರೆ ಉಂಗುರದ ಬೆರಳು. ಬೆರಳಿನಂಥ ಬೆಂಡೆಗೆ ಒಪ್ಪುವ ಹೆಸರೇ ಸರಿ. ಆ ಪದಕ್ಕೆ ಹೆಸರಿಲ್ಲದವಳು ಎಂಬ ಅರ್ಥವೂ ಇದೆ. ಇಂದು ಪೇಟೆಯಲ್ಲಿ ಮಾರುವ ಬಹುಪಾಲು ಸಸಿಗಳು ಈ ಎರಡನೆಯ ಅರ್ಥದಲ್ಲಿ ಅನಾಮಿಕೆಯರು. ‘ಬದನೆ’ ಎಂದಷ್ಟೇ ಹೇಳಿ ಕೊಡುತ್ತಾರೆ, ‘ಯಾವ ಬದನೆ?’ ಎಂದು ಕೇಳುವವರಿಲ್ಲ.

ಕೇಳದಿದ್ದರೆ ಏನು ನಷ್ಟವೆಂಬುದಕ್ಕೆ ಉಡುಪಿಯ ಬಳಿಯ ಮಟ್ಟು ಗ್ರಾಮವನ್ನು ನೋಡಬೇಕು. ಅಲ್ಲಿನ ತಿಳಿಹಸುರು ಬಣ್ಣದ ದುಂಡುಬದನೆ ಮಟ್ಟುಗುಳ್ಳವೆಂದು ಪ್ರಸಿದ್ಧ. ಅದರ ಬೀಜವನ್ನು ವಾದಿರಾಜಸ್ವಾಮಿಗಳು ಊರಿನವರಿಗೆ ಕೊಟ್ಟರೆಂದು ಪ್ರತೀತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ತಲೆಮಾರುಗಳ ಕಾಲ ಆ ಊರಿನ ಜನ ತಮ್ಮ ಗುಳ್ಳ ಬೇರೆ, ಇತರ ಬದನೆ ಬೇರೆ ಎಂದು ಹಟದಿಂದ ಹೇಳುತ್ತ ಬೀಜ ಕಾಯ್ದುಕೊಂಡದ್ದರಿಂದಲ್ಲವೆ ಅದು ಇಂದಿಗೂ ಗುಳ್ಳವಾಗಿ ಉಳಿದದ್ದು? ಹೆಸರು ಹೋದ ತಳಿ ಹೆಚ್ಚು ಕಾಲ ಬಾಳುವುದಿಲ್ಲ.

ಎಲ್ಲ ತರಕಾರಿಯೂ ಸಸಿಯಾಗಿ ಕೊಳ್ಳತಕ್ಕದ್ದಲ್ಲ. ಬೆಂಡೆ, ಹುರುಳಿಕಾಯಿ, ಗೋರಿಕಾಯಿಗಳಿಗೆ ಬೇರು ಕದಲಿಸುವುದು ಒಗ್ಗುವುದಿಲ್ಲ; ಬೀಜವನ್ನು ಇರುವಲ್ಲಿಯೇ ಊರುವುದು ಮೇಲು. ಹೀರೆ, ಸೋರೆ, ಪಡವಲ, ಹಾಗಲಗಳೂ ಹೆಚ್ಚುಕಡಿಮೆ ಹಾಗೆಯೇ. ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆಗಳ ಸಸಿ ಕೊಳ್ಳುವುದು ಹಣ ದಂಡ. ಕೊತ್ತಂಬರಿಯ ಒಂದೊಂದು ಕಾಳಿನಲ್ಲಿಯೂ ಎರಡೆರಡು ಬೀಜಗಳಿರುವುದರಿಂದ ಅದನ್ನು ಅಂಗೈಯಲ್ಲಿ ಉಜ್ಜಿ ಹೋಳುಮಾಡಿ ಬಿತ್ತಬೇಕು. ಬೇಸಗೆಯಲ್ಲಿ ಬೇಗ ಹೂವಿಗೆ ಹೋಗುವುದರಿಂದ ಅರೆನೆರಳಿನಲ್ಲಿ, ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಬಿತ್ತುವುದು ಜಾಣತನ. ಪುದೀನ, ದೊಡ್ಡಪತ್ರೆಗಳಿಗೆ ಒಂದು ಕಡ್ಡಿ ಸಾಕು; ಮಜ್ಜಿಗೆಹುಲ್ಲಿಗೆ ಬುಡದ ಒಂದು ಸೀಳು ಸಾಕು. ತುಳಸಿಯನ್ನೂ, ಪಾನಕಕ್ಕೆ ತಂಪು ಬೀಜ ಕೊಡುವ ಕಾಮಕಸ್ತೂರಿಯನ್ನೂ ಸಸಿಯಾಗಿ ನೆಟ್ಟರೆ ಚೆನ್ನಾಗಿ ಬರುತ್ತವೆ.

ಊರಿಗೆ ತಕ್ಕ ಆಯ್ಕೆ ಎಂಬುದೂ ಒಂದುಂಟು. ಹಗಲಿನ ಶಾಖ 35 ಡಿಗ್ರಿ ಸೆಲ್ಸಿಯಸ್ ದಾಟಿ ರಾತ್ರಿಯೂ ತಂಪಾಗದಿದ್ದರೆ ಟೊಮ್ಯಾಟೊ ಹೂವು ಕಾಯಿಕಟ್ಟದೆ ಉದುರುತ್ತದೆ. ಮೈಸೂರಿನಲ್ಲಿ ಸಲ್ಲುವ ಮಾತು ರಾಯಚೂರಿನಲ್ಲಿ, ಕಲಬುರಗಿಯಲ್ಲಿ ಸಲ್ಲದು. ಅಲ್ಲಿನವರು ಬೇಸಗೆಗೆ ಬೆಂಡೆಯನ್ನೂ, ತಾವು ಚವಳಿಕಾಯಿಯೆಂದು ಕರೆಯುವ ಗೋರಿಕಾಯಿಯನ್ನೂ, ಬಳ್ಳಿ ತರಕಾರಿಗಳನ್ನೂ ನೆಚ್ಚುವುದೇ ಸರಿ.

ಇನ್ನು ನೆಡುವ ಕ್ರಮ. ಸಸಿಯನ್ನು ಕೀಳುವಾಗ ನಮಗೆ ಕಾಣುವ ಬೇರುಗಳು ಉಳಿದರೂ ಕಾಣದ ಬೇರುರೋಮಗಳು ಹರಿದುಹೋಗುತ್ತವೆ. ಒಂದೊಂದು ರೋಮವೂ ಒಂದೇ ಜೀವಕೋಶದ ಉದ್ದವಾದ ಚಾಚು. ನೀರು ಕುಡಿಯುವ ಬಾಯಿ ಅದೇ. ಬಾಯಿ ಹೋಯಿತು, ಎಲೆಯಿಂದ ನೀರು ಆರುವುದು ಮಾತ್ರ ನಿಲ್ಲಲಿಲ್ಲ. ಆದ್ದರಿಂದಲೇ ನೆಟ್ಟ ಸಸಿ ತಲೆಬಾಗಿಸುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ವಿಧಿಗಳನ್ನೆಲ್ಲ ನಾವೇ ಊಹಿಸಿಕೊಳ್ಳಬಹುದು. ನಾಟಿಗೆ ಒಂದು ವಾರ ಮುಂಚೆ ನೀರನ್ನು ತಗ್ಗಿಸಿ ಸಸಿಯನ್ನು ಬಿಸಿಲಿಗೆ ಪಳಗಿಸಬೇಕು. ನೆಡುವುದಕ್ಕೆ ಮುನ್ನ ಬುಡವನ್ನು ಚೆನ್ನಾಗಿ ತೋಯಿಸಬೇಕು. ಒಮ್ಮೆ ಒಣಗಿದ ನಾರಿನ ಪುಡಿ ನೀರನ್ನು ಸುಲಭವಾಗಿ ಹೀರುವುದಿಲ್ಲ. ಸಂಜೆಯ ಹೊತ್ತು ನೆಟ್ಟರೆ ಸಸಿಗೆ ಒಂದು ರಾತ್ರಿಯ ವಿಶ್ರಾಂತಿ ದೊರೆಯುತ್ತದೆ. ಗುಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೇ ಹಾಕಬೇಕು. ಹಸಿ ಗೊಬ್ಬರ ಬೇರನ್ನು ಸುಡುತ್ತದೆ. ಬದನೆ, ಮೆಣಸಿನ ಸಸಿಗಳನ್ನು ಅವು ಮಡಿಯಲ್ಲಿದ್ದಷ್ಟೇ ಆಳಕ್ಕೆ, ಟೊಮ್ಯಾಟೊವನ್ನು ಮಾತ್ರ ಕೆಳಗಿನ ಎಲೆ ತೆಗೆದು ತುಸು ಹೆಚ್ಚು ಆಳಕ್ಕೆ ನೆಡಬಹುದು. ಮಣ್ಣಿಗೆ ಸೇರಿದ ಕಾಂಡದಿಂದ ಹೊಸ ಬೇರುಗಳು ಒಡೆಯುತ್ತವೆ. ಗಿಡಕ್ಕೂ ಗಿಡಕ್ಕೂ ಒಂದೂವರೆಯಿಂದ ಎರಡು ಅಡಿ ಎಡೆ ಬಿಡಬೇಕು. ಆಮೇಲೆ ಮೂರು ನಾಲ್ಕು ದಿನ ಹೊಂಗೆಯ ಸೊಪ್ಪಿನದೋ ತೆಂಗಿನ ಗರಿಯದೋ ನೆರಳು ಬೇಕು. ಮರುದಿನ ಮಧ್ಯಾಹ್ನ ಸಸಿ ಬಾಡಿದುದನ್ನು ಕಂಡು ಗಾಬರಿಯಿಂದ ಕೊಡಗಟ್ಟಲೆ ನೀರು ಹೊಯ್ದರೆ ಬೇರಿಗೆ ಉಸಿರು ಕಟ್ಟುತ್ತದೆ. ನೆರಳು ಮಾಡಿ, ಹದವಾಗಿ ನೀರು ಕೊಟ್ಟು, ಕಾಯಬೇಕು. ಸಾಮಾನ್ಯವಾಗಿ ನಾಲ್ಕನೆಯ ಅಥವಾ ಐದನೆಯ ಬೆಳಗ್ಗೆ ಕುಡಿ ನೆಟ್ಟಗಾಗುತ್ತದೆ.

ಹಲವು ವರ್ಷ ತರಗತಿಯಲ್ಲಿ ನಿಂತು ಪಾಠ ಹೇಳಿದ ನನಗೆ ಈ ಬಾಡಿದ ಸಸಿಗಳನ್ನು ನೋಡಿದಾಗ ಬೇರೊಂದು ನೆನಪಾಗುತ್ತದೆ. ಜೂನ್ ತಿಂಗಳಲ್ಲಿ ಹಳ್ಳಿಯಿಂದ ಬಂದು ಹಾಸ್ಟೆಲು ಸೇರಿ, ಕಾಲೇಜಿನ ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕೂರುವ ಹುಡುಗರನ್ನೂ ಹುಡುಗಿಯರನ್ನೂ ಎಲ್ಲ ಉಪಾಧ್ಯಾಯರೂ ಬಲ್ಲರು. ಊರಿನ ಮಣ್ಣಿನಿಂದ ಕಿತ್ತು ಬಂದವರು. ನಮಗೆ ಕಾಣದ ಎಷ್ಟೋ ಬೇರುಗಳು ಹರಿದಿರುತ್ತವೆ. ಅದೇ ವಾರ ಪರೀಕ್ಷಿಸಿ, ಇವರು ದಡ್ಡರೆಂದು ತೀರ್ಮಾನಿಸುವುದು ನಾಟಿಯ ಮರುದಿನ ಮಧ್ಯಾಹ್ನ ಗಿಡವನ್ನು ಕಿತ್ತೆಸೆದಂತೆ. ನೆತ್ತಿಯಲ್ಲಿ ಹೂವಿಟ್ಟುಕೊಂಡು ಬಂದವರ ಕಡೆಗೆ ನಮ್ಮ ಕಣ್ಣು ತಾನಾಗಿ ಹೋಗುತ್ತದೆ. ಹಾಗೆಂದು ಅವರ ಹೂವನ್ನು ಚಿವುಟುವ ಅಧಿಕಾರ ಯಾರಿಗೂ ಇಲ್ಲ. ಉಪಮಾನಕ್ಕೂ ಒಂದು ಮೇರೆ ಉಂಟು. ಮನುಷ್ಯರನ್ನು ಗೋಣಿಯ ಮೇಲಿಂದ ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಉಪಾಧ್ಯಾಯನಿಗಿಲ್ಲ, ಇರಲೂ ಬಾರದು. ಬಂದವರೆಲ್ಲರೂ ಅವನ ಸಸಿಗಳೇ.

ಆದರೆ ಬುಡವನ್ನು ನೋಡುವ ಕಣ್ಣು ಇಬ್ಬರಿಗೂ ಬೇಕು, ನಾಲ್ಕು ದಿನ ನೆರಳು ಹಿಡಿಯುವ ಸೈರಣೆಯೂ ಇಬ್ಬರಿಗೂ ಬೇಕು. ಅವೆರಡೂ ಇದ್ದವರಿಗೆ ನಮ್ಮ ಗಾದೆಯ ಮಾತು ಸುಳ್ಳಾಗದು.